ಯಂತ್ರದ ಮುಖ ಮತ್ತು ನಮ್ಮ ಗಮನ



ಲೇಖನ ಓದುವ ಮುಂಚೆ ಒಂದು ಸಣ್ಣ ಆಟ ಆಡೋಣ. ಕೆಳಗೆ ಒಂದು ದೊಡ್ಡ ಸಂಖ್ಯೆ ಬರೆದಿದ್ದೇನೆ. ಒಂದೇ ಸಲ ಓದಿ. ಆಮೇಲೆ ಗೋಡೆಗೆ ಬೆನ್ನು ಮಾಡಿ ನಿಂತು ಅದನ್ನು ಬಾಯಲ್ಲಿ ಹೇಳಿ. ಕದ್ದು ನೋಡಬಾರದು!

1947195019561973

ಎಷ್ಟು ಅಂಕಿ ಹೇಳಿದಿರಿ? ನಾನು ಮೊದಲ ಸಲ ಆರು ಹೇಳುವಷ್ಟರಲ್ಲಿ ತಪ್ಪಿದೆ. ಈಗ ಅದೇ ಸಂಖ್ಯೆಯನ್ನು ಬಿಡಿಸಿ ಬರೆಯುತ್ತೇನೆ.

1947 – 1950 – 1956 – 1973

ಸ್ವಾತಂತ್ರ್ಯ ಬಂದ ವರ್ಷ, ನಮ್ಮ ದೇಶ ಗಣರಾಜ್ಯವಾದ ವರ್ಷ, ಕನ್ನಡ ನಾಡು ಒಂದಾದ ವರ್ಷ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ. ಈಗ ಗೋಡೆಗೆ ಬೆನ್ನು ಮಾಡಿ ಹೇಳಿ ನೋಡೋಣ. ಬಂತಲ್ಲವೇ? ಅಂಕಿಗಳು ಅವೇ ಹದಿನಾರು. ನಮ್ಮ ತಲೆಯೂ ಅದೇ. ಬದಲಾಗಿದ್ದು ಬರೆದ ರೀತಿ ಮಾತ್ರ. ಈ ಲೇಖನದಲ್ಲಿ ನಾನು ಹೇಳಬೇಕಾಗಿರುವುದು ಇದನ್ನೇ.

ಗಮನ ಎಂದರೇನು?

ರಾತ್ರಿ ಹೊಲಕ್ಕೆ ಹೋಗುವಾಗ ನಾವು ಬ್ಯಾಟರಿ ಹಿಡಿದುಕೊಂಡು ಹೋಗುತ್ತೇವೆ. ಬ್ಯಾಟರಿ ಬೆಳಕು ಬಿದ್ದ ಕಡೆ ಕಲ್ಲು, ಮುಳ್ಳು, ಹುಳ ಎಲ್ಲಾ ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ನಮ್ಮ ಗಮನವೂ ಹಾಗೆಯೇ ಇದೆ. ಕಣ್ಣು ತೆರೆದಿದ್ದರೂ ಗಮನ ಬಿದ್ದ ಕಡೆ ಮಾತ್ರ ನಮಗೆ ಕಾಣುತ್ತದೆ. ಹಳ್ಳಿಯಲ್ಲಿ ಹಿರಿಯರು ಇದನ್ನೇ 'ಗ್ಯಾನ' ಎನ್ನುತ್ತಾರೆ. 'ನಿನ್ನ ಗ್ಯಾನ ಎಲ್ಲೈತೆ?' ಅಂತ ನಾವೆಲ್ಲರೂ ಬೈಸಿಕೊಂಡಿದ್ದೇವೆ.

ಈ ಬಗ್ಗೆ ವಿಜ್ಞಾನಿಗಳು ಬಹಳ ಪ್ರಯೋಗ ಮಾಡಿದ್ದಾರೆ.

1. ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ 1956ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಮನುಷ್ಯನು ಆಗತಾನೇ ಕೇಳಿದ್ದರಲ್ಲಿ ಸುಮಾರು 7 ಸಂಗತಿಗಳನ್ನು, ಅಂದರೆ ಎರಡು ಹೆಚ್ಚು ಅಥವಾ ಎರಡು ಕಡಿಮೆ, ತಲೆಯಲ್ಲಿ ಹಿಡಿದುಕೊಳ್ಳಬಲ್ಲ ಎಂದು ಅದರಲ್ಲಿ ಹೇಳಿದರು. 2001ರಲ್ಲಿ ನೆಲ್ಸನ್ ಕೋವನ್ ಎಂಬುವರು ಅದು ಇನ್ನೂ ಕಡಿಮೆ, ಸುಮಾರು 4 ಮಾತ್ರ ಎಂದರು. ಬಿಡಿಬಿಡಿಯಾದದ್ದನ್ನು ಗುಂಪು ಮಾಡಿದರೆ ಒಂದು ಗುಂಪು ಒಂದೇ ಲೆಕ್ಕ. ಅದಕ್ಕೇ ಮೇಲಿನ ಹದಿನಾರು ಅಂಕಿ ನಾಲ್ಕು ವರ್ಷಗಳಾಗಿ ನೆನಪಿನಲ್ಲಿ ಕೂತವು. ಆಧಾರ್ ಕಾರ್ಡಿನ 12 ಅಂಕಿಗಳನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಮುದ್ರಿಸಿರುತ್ತಾರೆ. ಇವತ್ತು ಮನೆಗೆ ಹೋಗಿ ನೋಡಿ.

2. ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್ ಎಂಬುವರು ಒಂದು ಗಡಿಯಾರದಂಥ ಯಂತ್ರ ಮಾಡಿದರು. ಅದರ ಮುಳ್ಳು ಒಂದೊಂದೇ ಹೆಜ್ಜೆ ಹೋಗುತ್ತದೆ. ಅಪರೂಪಕ್ಕೆ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ. ಅದನ್ನು ಗುರುತಿಸಬೇಕು, ಅಷ್ಟೇ ಕೆಲಸ. ಎರಡು ಗಂಟೆ ಕೂರಿಸಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ತಪ್ಪಲು ಶುರು ಮಾಡಿದರು. ಇದನ್ನು ಅವರು 1948ರಲ್ಲಿ ಪ್ರಕಟಿಸಿದರು. ಅಂದರೆ ಸುಮ್ಮನೆ ಕಾಯುವ ಕೆಲಸದಲ್ಲಿ ಎಂಥವರ ಗಮನವೂ ಬೇಗ ಸಡಿಲವಾಗುತ್ತದೆ.

3. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಎಂಬುವರು ಒಂದು ತಮಾಷೆ ಪ್ರಯೋಗವನ್ನು ಪ್ರಕಟಿಸಿದರು. ಕೆಲವರು ಚೆಂಡು ಎಸೆದಾಡುವ ಚಿತ್ರ ತೋರಿಸಿ, ಬಿಳಿ ಅಂಗಿಯವರು ಎಷ್ಟು ಸಲ ಎಸೆದರು ಎಂದು ಎಣಿಸಲು ಹೇಳಿದರು. ಮಧ್ಯದಲ್ಲಿ ಗೊರಿಲ್ಲಾ ವೇಷ ಹಾಕಿದ ಒಬ್ಬರು ಬಂದು ಎದೆ ಬಡಿದುಕೊಂಡು ಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧ ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ! ಅವರೇನೂ ಕುರುಡರಲ್ಲ. ಅವರ ಗಮನವೆಲ್ಲಾ ಎಣಿಕೆಯಲ್ಲಿತ್ತು.

'ಹಾಗಾದರೆ ಅವಧಾನಿಗಳು ಎಂಟು ಜನರ ಪ್ರಶ್ನೆಗೆ ಹೇಗೆ ಉತ್ತರ ಕೊಡುತ್ತಾರೆ?' ಎಂದು ಕನ್ನಡ ಮೇಷ್ಟ್ರು ಕೇಳಬಹುದು. ಶತಾವಧಾನಿ ಆರ್. ಗಣೇಶ್ ಅವರು ನೂರು ಜನರಿಗೂ ಉತ್ತರ ಕೊಟ್ಟವರು. ಆದರೆ ಅವರು ಕೂಡ ಒಬ್ಬೊಬ್ಬರ ಸರದಿಯಂತೆ ಒಂದೊಂದನ್ನೇ ತೆಗೆದುಕೊಂಡು, ನೆನಪಿನಲ್ಲಿಟ್ಟು ಮುಂದೆ ಹೋಗುತ್ತಾರೆ. ಅದು ಎಷ್ಟೋ ವರ್ಷಗಳ ಸಾಧನೆ. ಅಂಥವರ ಗಮನ ಕೆಡಿಸಲೆಂದೇ ಅಪ್ರಸ್ತುತ ಪ್ರಸಂಗಿ ಎಂಬ ಒಬ್ಬರನ್ನು ಕೂರಿಸಿರುತ್ತಾರೆ. ಅವಧಾನಿಗೇ ಅದು ಪರೀಕ್ಷೆ ಎಂದ ಮೇಲೆ ನಮ್ಮ ಪಾಡೇನು?

ಯಂತ್ರದ ಮುಖ

ಪ್ರತಿಯೊಂದು ಯಂತ್ರಕ್ಕೂ ಒಂದು ಮುಖ ಇರುತ್ತದೆ. ಗುಂಡಿ, ಹಿಡಿ, ದೀಪ, ಮುಳ್ಳು, ಪರದೆ, ಗಂಟೆ ಇವೆಲ್ಲಾ ಆ ಮುಖದಲ್ಲಿರುತ್ತವೆ. ನಾವು ಯಂತ್ರಕ್ಕೆ ಏನಾದರೂ ಹೇಳುವುದೂ, ಯಂತ್ರ ನಮಗೆ ಹೇಳುವುದೂ ಅದರ ಮೂಲಕವೇ. ಇದಕ್ಕೆ ಯೂಸರ್ ಇಂಟರ್‌ಫೇಸ್ ಎಂಬ ಹೆಸರಿದೆ. ನಾನು ಯಂತ್ರದ ಮುಖ ಎಂದೇ ಕರೆಯುತ್ತೇನೆ. ಮುಖ ಚೆನ್ನಾಗಿದ್ದರೆ ಸ್ವಲ್ಪ ಗಮನ ಸಾಕು. ಮುಖ ಕೆಟ್ಟದಾಗಿದ್ದರೆ ಜಾಣರೂ ತಪ್ಪು ಮಾಡುತ್ತಾರೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಎಂಬ ಯುದ್ಧವಿಮಾನ ನೆಲಕ್ಕೆ ಇಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಹಲಗೆ ಮಡಿಸಲು ಹೋಗಿ ಚಕ್ರವನ್ನೇ ಮಡಿಸಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂತುಬಿಡುತ್ತಿತ್ತು. ಪೈಲಟ್‌ಗಳದೇ ತಪ್ಪು ಎಂದು ಎಲ್ಲರೂ ಅಂದುಕೊಂಡರು. ಅಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ 1943ರಲ್ಲಿ ಹೋಗಿ ನೋಡಿದರು. ಎರಡು ಸ್ವಿಚ್ಚುಗಳೂ ಅಕ್ಕಪಕ್ಕ ಇದ್ದವು, ನೋಡಲೂ ಮುಟ್ಟಲೂ ಒಂದೇ ಥರ ಇದ್ದವು. ದಣಿದ ಪೈಲಟ್‌ನ ಕೈ ತಪ್ಪುವುದು ಸಹಜ. ಅವರು ಪೈಲಟ್‌ಗಳಿಗೆ ಬೈಯಲಿಲ್ಲ. ಒಂದು ಹಿಡಿಗೆ ಸಣ್ಣ ಚಕ್ರವನ್ನೂ ಇನ್ನೊಂದಕ್ಕೆ ರೆಕ್ಕೆಯ ಹಲಗೆಯಂಥ ತುಂಡನ್ನೂ ಹಾಕಿಸಿದರು. ಕಣ್ಣು ಬೇರೆ ಕಡೆ ಇದ್ದರೂ ಕೈಗೆ ಗೊತ್ತಾಗುತ್ತಿತ್ತು. ಆ ತಪ್ಪು ನಿಂತಿತು. ಇವತ್ತಿಗೂ ದೊಡ್ಡ ವಿಮಾನಗಳಲ್ಲಿ ಚಕ್ರದ ಹಿಡಿ ಚಕ್ರದ ಆಕಾರದಲ್ಲೇ ಇರುತ್ತದೆ.

ಒಂದು ಸಣ್ಣ ಬಲ್ಬು

ಈಗ ಒಂದು ದುಃಖದ ಘಟನೆ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದಲ್ಲಿ ಈಸ್ಟರ್ನ್ ಏರ್‌ಲೈನ್ಸ್ ಕಂಪನಿಯ 401 ನಂಬರಿನ ವಿಮಾನ ನ್ಯೂಯಾರ್ಕ್‌ನಿಂದ ಮಯಾಮಿಗೆ ಬಂತು. ಅದರಲ್ಲಿ 176 ಜನ ಇದ್ದರು. ಇಳಿಯುವಾಗ ಮುಂದಿನ ಚಕ್ರ ಸರಿಯಾಗಿ ಕೂತಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ಪೈಲಟ್‌ಗಳು ವಿಮಾನವನ್ನು ಮತ್ತೆ 2000 ಅಡಿ ಮೇಲಕ್ಕೆ ಒಯ್ದು, ತಾನೇ ಹಾರುವಂತೆ ಯಂತ್ರಕ್ಕೆ ವಹಿಸಿ, ದೀಪವನ್ನು ಬಿಚ್ಚಿ ನೋಡಲು ಶುರು ಮಾಡಿದರು. ಎಲ್ಲರ ಗಮನವೂ ಆ ಒಂದು ದೀಪದ ಮೇಲೆ. ಈ ನಡುವೆ ಎತ್ತರ ಕಾಯುವ ಕೆಲಸವನ್ನು ಯಂತ್ರ ಬಿಟ್ಟುಬಿಟ್ಟಿತ್ತು. ಅದು ಯಾರಿಗೂ ಗೊತ್ತಾಗಲಿಲ್ಲ. ವಿಮಾನ ನಿಧಾನವಾಗಿ ಕೆಳಗಿಳಿಯುತ್ತಾ ಬಂತು. ಎಚ್ಚರಿಕೆಯ ಒಂದು ಸಣ್ಣ ಗಂಟೆ ಬಾರಿಸಿತು, ಯಾರ ಗಮನಕ್ಕೂ ಬರಲಿಲ್ಲ. ಹೊರಗೆ ಕತ್ತಲೆ, ಕೆಳಗೆ ಜೌಗು ಪ್ರದೇಶ. ವಿಮಾನ ಅದರಲ್ಲಿ ಬಿದ್ದು 101 ಜನ ತೀರಿಕೊಂಡರು.

ಆಮೇಲೆ ತನಿಖೆ ಮಾಡಿದಾಗ ಚಕ್ರ ಸರಿಯಾಗೇ ಕೂತಿತ್ತು ಎಂದು ಗೊತ್ತಾಯಿತು. ಸುಟ್ಟು ಹೋಗಿದ್ದದ್ದು ದೀಪದ ಬಲ್ಬು ಮಾತ್ರ.

ದೀಪ ಹತ್ತದಿದ್ದರೆ ಎರಡು ಅರ್ಥ ಬರುತ್ತದೆ. ಒಂದು, ಚಕ್ರ ಕೆಟ್ಟಿದೆ. ಎರಡು, ದೀಪವೇ ಕೆಟ್ಟಿದೆ. ಯಾವುದು ಅಂತ ಆ ಮುಖ ಹೇಳಲಿಲ್ಲ. ದೊಡ್ಡ ಅಪಾಯಕ್ಕೆ ಸಣ್ಣ ಗಂಟೆ ಇಟ್ಟಿದ್ದರು. ಗೆಳೆಯರೇ, ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದಾಗ ನನಗೆ ನಮ್ಮ ಹೊಲದ ಪಂಪಿನ ಮನೆ ನೆನಪಾಯಿತು.

ನಮ್ಮ ಹೊಲದ ದೀಪ

ನಮ್ಮ ಬೋರ್‌ವೆಲ್ಲಿನ ಸ್ಟಾರ್ಟರ್ ಹಲಗೆಯ ಮೇಲೆ ಮೂರು ದೀಪಗಳಿವೆ: ಕೆಂಪು, ಹಳದಿ, ನೀಲಿ. ಮೂರೂ ಹತ್ತಿದ್ದರೆ ಮೂರು ಫೇಸ್ ಕರೆಂಟು ಬಂದಿದೆ ಎಂದರ್ಥ. ಒಂದು ಫೇಸ್ ಇಲ್ಲದೆ ಮೋಟರ್ ಹಾಕಿದರೆ ಅದು ತಿರುಗದೆ ಗುಂಯ್ ಎನ್ನುತ್ತದೆ. ಮಿಕ್ಕ ಎರಡು ತಂತಿಗಳಲ್ಲಿ ಕರೆಂಟು ಜಾಸ್ತಿ ಹರಿದು ಒಳಗಿನ ಸುತ್ತು ಸುಟ್ಟು ಹೋಗುತ್ತದೆ. ಮೋಟರ್ ನೆಲದೊಳಗೆ ನೂರಾರು ಅಡಿ ಕೆಳಗಿರುವುದರಿಂದ ಆ ಗುಂಯ್ ನಮಗೆ ಕೇಳುವುದಿಲ್ಲ.

ನಮ್ಮ ಹಳದಿ ದೀಪ ಬಹಳ ದಿನದಿಂದ ಸರಿ ಇರಲಿಲ್ಲ. ಒಂದು ದಿನ ಹತ್ತುತ್ತಿತ್ತು, ಇನ್ನೊಂದು ದಿನ ಇಲ್ಲ. ಕರೆಂಟು ಸರಿ ಇದ್ದರೂ ಹಾಗೆಯೇ. ನಾನು ಒಮ್ಮೆ ಕೇಳಿದ್ದಕ್ಕೆ ಚಿಕ್ಕಪ್ಪ 'ಅದು ಹಂಗೇ ಕಣಮ್ಮ, ಬಲ್ಬು ಲೂಜು' ಎಂದಿದ್ದರು. ಆಮೇಲೆ ಅದನ್ನು ಯಾರೂ ನೋಡುತ್ತಲೇ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಜಾವ ಕರೆಂಟು ಬಂತು. ಚಿಕ್ಕಪ್ಪ ಮೋಟರ್ ಹಾಕಲು ಹೊರಟರು. ಬ್ಯಾಟರಿ ಹಿಡಿಯಲು ನಾನೂ ಹೋದೆ. ಅವರು ಹಸಿರು ಗುಂಡಿ ಒತ್ತುವಾಗ ಫೋನು ಬಂತು. ಟೊಮೇಟೊ ಗಾಡಿಯವರು ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳುತ್ತಿದ್ದರು. ಮಾತಾಡುತ್ತಾ ಚಿಕ್ಕಪ್ಪ ಬದುವಿನ ಕಡೆ ನಡೆದರು. ಆವತ್ತು ಹಳದಿ ದೀಪ ಹತ್ತಿರಲಿಲ್ಲ. ಬಲ್ಬು ಲೂಜಾಗಿ ಅಲ್ಲ, ನಿಜವಾಗಿಯೂ ಒಂದು ಫೇಸ್ ಇರಲಿಲ್ಲ. ಸ್ಟಾರ್ಟರಿನ ಒಳಗಿನ ರಿಲೇ ಹಳೆಯದು, ಅದೂ ಬೀಳಲಿಲ್ಲ. ನೀರು ಯಾಕೆ ಇನ್ನೂ ಬಂದಿಲ್ಲ ಎಂದು ನೋಡಲು ವಾಪಸ್ ಬರುವಷ್ಟರಲ್ಲಿ ಮೋಟರ್ ಸುಟ್ಟಿತ್ತು.

ಮೋಟರ್ ಎತ್ತಿಸಿ, ಸುತ್ತು ಹಾಕಿಸಿ, ಮತ್ತೆ ಇಳಿಸಲು 18,000 ರೂಪಾಯಿ ಆಯಿತು. ಅಷ್ಟರಲ್ಲಿ ಹನ್ನೊಂದು ದಿನ ಕಳೆದು ಅರ್ಧ ಎಕರೆ ಟೊಮೇಟೊ ಒಣಗಿತು. ಅಕ್ಕನ ಕಾಲೇಜಿಗೆ ಎತ್ತಿಟ್ಟಿದ್ದ ಹಣವೂ ಅದಕ್ಕೇ ಹೋಯಿತು. ಅಜ್ಜ 'ದೀಪ ಕಣ್ಣಿಗೆ ಕಾಣಲಿಲ್ವಾ, ನಿನ್ನ ಗ್ಯಾನ ಎಲ್ಲಿ ಹೋಗಿತ್ತೋ?' ಅಂತ ಎಲ್ಲರ ಎದುರಿಗೆ ಬೈದರು. ಚಿಕ್ಕಪ್ಪ ತಲೆ ಬಗ್ಗಿಸಿ ಎದ್ದು ಹೋದರು. ಎಷ್ಟೋ ದಿನ ಅವರು ಅಜ್ಜನ ಜೊತೆ ಕೂತು ಊಟ ಮಾಡಲಿಲ್ಲ.

ಆದರೆ ನಾನೂ ಅಲ್ಲೇ ನಿಂತಿದ್ದೆ. ನನಗೆ ಫೋನೂ ಬಂದಿರಲಿಲ್ಲ. ನನ್ನ ಕೈಯಲ್ಲಿ ಬ್ಯಾಟರಿ ಇತ್ತು. ಹಲಗೆಯನ್ನು ನಾನು ನೋಡಿದೆ, ಆದರೆ ದೀಪ ನನಗೆ ಕಾಣಲಿಲ್ಲ.

ನೂರು ಗಂಟೆ ಒಟ್ಟಿಗೆ ಹೊಡೆದರೆ

'ಹಾಗಾದರೆ ಇನ್ನೂ ಹೆಚ್ಚು ದೀಪ, ಇನ್ನೂ ಹೆಚ್ಚು ಗಂಟೆ ಇಡೋಣ' ಎಂದು ಕೆಲವರು ಹೇಳಬಹುದು. ಅದೂ ಸರಿಯಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಎಂಬಲ್ಲಿನ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತವಾಯಿತು. ಕೆಲವೇ ನಿಮಿಷಗಳಲ್ಲಿ 100ಕ್ಕಿಂತ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಶುರುವಾದವು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ತಿಳಿಯುವಂತಿರಲಿಲ್ಲ. ಅಲ್ಲೂ ಒಂದು ದೀಪದ ಕಥೆ ಇದೆ. ಒಂದು ಕವಾಟ ತೆರೆದೇ ಉಳಿದು ರಿಯಾಕ್ಟರನ್ನು ತಂಪು ಮಾಡುವ ನೀರು ಹೊರಗೆ ಹೋಗುತ್ತಿತ್ತು. ಆದರೆ ದೀಪ ಆರಿತ್ತು. ದೀಪ ಆರಿದರೆ 'ಮುಚ್ಚು ಎಂದು ಹೇಳಿದ್ದಾಗಿದೆ' ಎಂದಷ್ಟೇ ಅರ್ಥ, 'ಮುಚ್ಚಿದೆ' ಎಂದಲ್ಲ. ಕೆಲಸಗಾರರು ಮುಚ್ಚಿದೆ ಎಂದೇ ತಿಳಿದರು. ಎರಡು ಗಂಟೆಗೂ ಹೆಚ್ಚು ಕಾಲ ನೀರು ಹೋಯಿತು, ರಿಯಾಕ್ಟರಿನ ಒಳಭಾಗ ಅರ್ಧದಷ್ಟು ಕರಗಿತು.

ತರಗತಿಯಲ್ಲಿ ಎಲ್ಲರೂ ಒಟ್ಟಿಗೆ 'ಸಾರ್ ಸಾರ್' ಎಂದರೆ ಮೇಷ್ಟ್ರಿಗೆ ಯಾರ ಮಾತೂ ಕೇಳುವುದಿಲ್ಲ. ಯಂತ್ರಕ್ಕೂ ಇದೇ ನಿಯಮ.

ನಮ್ಮ ಶಾಲೆಗೇ ಬರುವ ಯಂತ್ರ

ಒಳ್ಳೆಯ ಮುಖ ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಚುನಾವಣೆ ಬಂದಾಗ ನಮ್ಮ ಐದನೇ ತರಗತಿ ಕೊಠಡಿಯೇ ಮತಗಟ್ಟೆ. ಮತಯಂತ್ರವನ್ನು ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಎಂಬ ಸರ್ಕಾರಿ ಕಂಪನಿಗಳು ತಯಾರಿಸುತ್ತವೆ. ಅದನ್ನು ಮೊದಲು ಬಳಸಿದ್ದು 1982ರಲ್ಲಿ, ಕೇರಳದ ಪರವೂರಿನಲ್ಲಿ.

ಅದರಲ್ಲಿ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲೇ ಚಿಹ್ನೆ, ಅದರ ಪಕ್ಕದಲ್ಲೇ ನೀಲಿ ಗುಂಡಿ. ಓದು ಬಾರದವರಿಗೂ ತಿಳಿಯುತ್ತದೆ. ಒತ್ತಿದ ಕೂಡಲೇ ಅದೇ ಸಾಲಿನಲ್ಲಿ ಕೆಂಪು ದೀಪ ಹತ್ತುತ್ತದೆ. ಪಕ್ಕದ ಪೆಟ್ಟಿಗೆಯ ಕಿಟಕಿಯಲ್ಲಿ ಚೀಟಿ 7 ಸೆಕೆಂಡು ಕಾಣುತ್ತದೆ. ಬೀಪ್ ಎಂಬ ಉದ್ದ ಶಬ್ದವೂ ಕೇಳುತ್ತದೆ. ಕಣ್ಣಿಗೂ ಕಿವಿಗೂ ಎರಡಕ್ಕೂ ಹೇಳಿದಂತಾಯಿತು. ಗಾಬರಿಯಾಗಿ ಇನ್ನೊಂದು ಸಲ ಒತ್ತಿದರೂ ಎರಡನೇ ಮತ ಬೀಳುವುದಿಲ್ಲ. ಅಧಿಕಾರಿಯು ತಮ್ಮ ಗುಂಡಿ ಒತ್ತಿದರೆ ಮಾತ್ರ ಮುಂದಿನ ಮತ. ಅಂದರೆ ಮನುಷ್ಯ ತಪ್ಪುತ್ತಾನೆ ಎಂದು ಮೊದಲೇ ತಿಳಿದು ಮಾಡಿದ್ದಾರೆ.

ಇನ್ನೊಂದು ಉದಾಹರಣೆ ಎ.ಟಿ.ಎಂ. ಹಣ ಮೊದಲು ಬಂದು ಕಾರ್ಡು ಆಮೇಲೆ ಬಂದರೆ ಜನ ಕಾರ್ಡು ಮರೆಯುತ್ತಾರೆ. ಏಕೆಂದರೆ ಬಂದ ಕೆಲಸ ಹಣ. ಅದು ಕೈಗೆ ಸಿಕ್ಕ ಕೂಡಲೇ ಗಮನ ಬಸ್ ಸ್ಟ್ಯಾಂಡಿಗೆ ಹೊರಟುಬಿಡುತ್ತದೆ! ಅದಕ್ಕೇ ಎಷ್ಟೋ ಯಂತ್ರಗಳು ಕಾರ್ಡು ವಾಪಸ್ ಕೊಟ್ಟ ಮೇಲೆ ಹಣ ಕೊಡುತ್ತವೆ. ಸರದಿ ಬದಲಿಸಿದ್ದಷ್ಟೇ, ಮರೆವು ಕಡಿಮೆಯಾಯಿತು.

ಗಮನ ಉಳಿಸುವ ಮುಖ, ಗಮನ ಕದಿಯುವ ಮುಖ

ಮೊಬೈಲಿನ ಮುಖವನ್ನೂ ಗಮನದ ಬಗ್ಗೆ ಚೆನ್ನಾಗಿ ತಿಳಿದವರೇ ಮಾಡಿದ್ದಾರೆ. ಆದರೆ ಅಲ್ಲಿ ಕೆಲವು ಸಲ ನಮ್ಮ ಗಮನ ಉಳಿಸುವುದಕ್ಕಲ್ಲ, ಎಳೆಯುವುದಕ್ಕೆ ಬಳಸುತ್ತಾರೆ. ಕೆಂಪು ಚುಕ್ಕಿ, ಟಿಣ್ ಎಂಬ ಸದ್ದು, ಮುಗಿಯದೇ ಬರುತ್ತಲೇ ಇರುವ ಚಿತ್ರಗಳು ಇವೆಲ್ಲಾ ಅಪ್ರಸ್ತುತ ಪ್ರಸಂಗಿಗಳು. ಗಾಡಿ ಓಡಿಸುವಾಗ ಫೋನನ್ನು ಕೈಯಲ್ಲಿ ಹಿಡಿಯದೆ ಮಾತಾಡಿದರೂ ಗಮನ ಕಡಿಮೆಯಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಕೈ ಖಾಲಿ ಇದ್ದರೂ ತಲೆ ಖಾಲಿ ಇರುವುದಿಲ್ಲವಲ್ಲ.

ನಾವು ಕಲಿಯಬೇಕಾದ ಪಾಠ

1. ಒಂದೇ ಸಲಕ್ಕೆ ಸ್ವಲ್ಪವೇ ತೋರಿಸಬೇಕು. ಹೆಚ್ಚಿದ್ದರೆ ಗುಂಪು ಮಾಡಬೇಕು.
2. ಬೇರೆ ಬೇರೆ ಕೆಲಸದ ಗುಂಡಿ ಬೇರೆ ಬೇರೆ ಆಕಾರದಲ್ಲಿರಬೇಕು.
3. ದೊಡ್ಡ ಅಪಾಯಕ್ಕೆ ದೊಡ್ಡ ಎಚ್ಚರಿಕೆ, ಸಣ್ಣದಕ್ಕೆ ಸಣ್ಣದು.
4. ಸುಳ್ಳು ಹೇಳುವ ದೀಪ ಇಡಬಾರದು. ಅದು ಕೆಟ್ಟರೆ ಆವತ್ತೇ ಸರಿ ಮಾಡಿಸಬೇಕು. ಇಲ್ಲದಿದ್ದರೆ ಅದು ನಿಜ ಹೇಳಿದ ದಿನವೂ ಯಾರೂ ನಂಬುವುದಿಲ್ಲ.
5. ಯಂತ್ರವೇ ಕಾಯಬಹುದಾದ್ದನ್ನು ಮನುಷ್ಯನ ಗಮನಕ್ಕೆ ಬಿಡಬಾರದು.

ಐದನೆಯದನ್ನು ನಾನು ಮೋಟರ್ ರಿಪೇರಿಯವರಿಂದ ಕಲಿತೆ. ಒಂದು ಫೇಸ್ ಹೋದರೆ ಮೋಟರನ್ನು ತಾನೇ ನಿಲ್ಲಿಸುವ ಸಣ್ಣ ಪೆಟ್ಟಿಗೆ ಸಿಗುತ್ತದೆ. ಅದಕ್ಕೆ ಪ್ರಿವೆಂಟರ್ ಎನ್ನುತ್ತಾರೆ. ಅದಿದ್ದರೆ ಚಿಕ್ಕಪ್ಪ ಫೋನಿನಲ್ಲಿ ಮಾತಾಡಿದರೂ, ನಾನು ಆಕಳಿಸಿದರೂ ಮೋಟರ್ ಉಳಿಯುತ್ತದೆ.

ಈ ಲೇಖನವನ್ನು ಇಲ್ಲಿ ಅಂಟಿಸುವ ಮುಂಚೆ ನಾನು ಅಜ್ಜನಿಗೆ ಓದಿ ಹೇಳಿದೆ. ಆವತ್ತು ನಾನೂ ಅಲ್ಲಿದ್ದೆ, ನನಗೂ ದೀಪ ಕಾಣಲಿಲ್ಲ ಎಂದೂ ಹೇಳಿದೆ. ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ 'ಆ ಪೆಟ್ಟಿಗೆಗೆ ಎಷ್ಟಾಗುತ್ತೆ ಅಂತ ನಿನ್ನ ಚಿಕ್ಕಪ್ಪನ್ನ ಕೇಳು' ಎಂದರು. 'ನೀವೇ ಕೇಳಿ ಅಜ್ಜ' ಎಂದೆ. ರಾತ್ರಿ ಊಟಕ್ಕೆ ಕೂತಾಗ ಅವರೇ ಕೇಳಿದರು.

ಗೆಳೆಯ ಗೆಳತಿಯರೇ, ನಿಮ್ಮ ಪಂಪಿನ ಮನೆಗೂ ಒಮ್ಮೆ ಹೋಗಿ ನೋಡಿ. ಮೂರು ದೀಪಗಳೂ ನಿಜ ಹೇಳುತ್ತಿವೆಯೇ ಎಂದು ದೊಡ್ಡವರನ್ನು ಕೇಳಿ. ನೀವಾಗಿ ಮುಟ್ಟಬೇಡಿ, ಕರೆಂಟು ಇರುತ್ತದೆ. ಯಾರಾದರೂ ತಪ್ಪು ಮಾಡಿದಾಗ 'ಗ್ಯಾನ ಇಲ್ವಾ' ಎಂದು ಕೇಳುವ ಮುಂಚೆ ಆ ಯಂತ್ರದ ಮುಖವನ್ನೂ ಒಂದು ಸಲ ನೋಡಿ.

ಇಷ್ಟು ಹೇಳಿ ನನ್ನ ಲೇಖನವನ್ನು ಮುಗಿಸುತ್ತೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.


ಏಳನೇ ತರಗತಿಯ ವಿದ್ಯಾರ್ಥಿನಿ